ಬೆದೆ ಕಂಡವರು ಯಾರು?

ನಮ್ಮ ಹಸು ಗೌರಿ ಮೂರನೆಯ ಸಲವೂ ಗಬ್ಬ ನಿಲ್ಲಲಿಲ್ಲ. ಶ್ರೀನಿವಾಸಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಮಾವಿನ ಕಾಸು ವರ್ಷಕ್ಕೊಮ್ಮೆ. ಮನೆ ನಡೆಯುವುದು ಡೈರಿಯ ಬಟವಾಡೆಯಿಂದ. ಬೆದೆ ಎಂದರೆ ಹಸು ಗಬ್ಬಕ್ಕೆ ಸಿದ್ಧವಾಗುವ ಹೊತ್ತು. ಒಂದು ತಪ್ಪಿದರೆ ಮುಂದಿನದಕ್ಕೆ 21 ದಿನ ಕಾಯಬೇಕು, ಅಷ್ಟು ದಿನದ ಬೂಸಾ, ಹಿಂಡಿ ದಂಡ. "ಗೊಡ್ಡು ಬಿದ್ದಿದೆ, ಸಂತೆಗೆ ಹೊಡೆದುಬಿಡು" ಎಂದು ನೆರೆಯವರು ಹೇಳತೊಡಗಿದ್ದರು.

ನಾನು ರಜೆಗೆ ಹೋಗಿದ್ದಾಗ ಡೈರಿಯ ಮುಂದೆ ಪಶುವೈದ್ಯರ ಶಿಬಿರ ನಡೆಯಿತು. ಜಗುಲಿಯ ತುಂಬ ಗಂಡಸರು. ಇಂಜೆಕ್ಷನ್ ಕೊಟ್ಟು ಗೊತ್ತಾದ ದಿನಕ್ಕೆ ಬೆದೆಗೆ ತರುವ ವಿಧಾನವನ್ನೂ, ಶೇ. 90ರಷ್ಟು ಹೆಣ್ಣುಗರುವೇ ಹುಟ್ಟುವ, ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ಕಡ್ಡಿಯನ್ನೂ ವೈದ್ಯರು ವಿವರಿಸಿದರು. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಹೆಸರು ಬರೆಸಲಿಲ್ಲ. ಇದನ್ನು ಮೊಂಡುತನ ಎನ್ನಲು ನನಗೆ ಮನಸ್ಸು ಬಾರದು. ಎಲ್ಲ ಸರಿಯಾಗಿ ಮಾಡಿದರೂ ಗಬ್ಬ ನಿಲ್ಲುವ ಖಾತರಿಯಿಲ್ಲ. ನಿಲ್ಲದಿದ್ದರೆ ಕೈಬಿಟ್ಟು ಹೋಗುವುದು ರೈತನ ದುಡ್ಡು.

ಅಪ್ಪ ಗೌರಿಯ ಮಾತೆತ್ತಿದ.

"ಬೆದೆ ಕಂಡವರು ಯಾರು?" ಎಂದರು ವೈದ್ಯರು.

"ಮನೆಯವಳು."

"ಅವರೆಲ್ಲಿ?"

ಅಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಓಡಿಹೋಗಿ ಕರೆತಂದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಒಪ್ಪಿಸಿದಳು: ರಾತ್ರಿ ಊಟದ ಹೊತ್ತಿಗೆ ಹಸು ಕೂಗತೊಡಗಿತ್ತು, ಗಾಜಿನಂಥ ಲೋಳೆ ಇಳಿಯುತ್ತಿತ್ತು, ಮೇವು ಮುಟ್ಟಿರಲಿಲ್ಲ. ಅಪ್ಪ ಫೋನ್ ಮಾಡಿದ್ದು ಮರುದಿನ ತೋಟದಿಂದ ಬಂದ ಮೇಲೆ. ಕಡ್ಡಿ ಹಾಕುವವರು ಬಂದಾಗ ಸಂಜೆಯಾಗಿತ್ತು.

"ಬೆದೆ ನಿಲ್ಲುವುದು 12ರಿಂದ 18 ಗಂಟೆ. ರಾತ್ರಿ ಕಂಡರೆ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಸಂಜೆ ಹಾಕಿಸಿ" ಎಂದರು ವೈದ್ಯರು.

ನನಗೆ ಹೊಟ್ಟೆ ಉರಿಯಿತು. ಬೆಳಗಿನ ಐದಕ್ಕೆ ಹಾಲು ಕರೆಯಲು ಹಸುವಿನ ಪಕ್ಕ ಕೂರುವವರು ಹೆಂಗಸರು. ಹೊಸ ವಿಧಾನ ಹೇಳಿಕೊಡಲು ಕರೆಯುವುದು ಮಾತ್ರ ಗಂಡಸರನ್ನು! ಅಮ್ಮನ ಮೊಬೈಲಿನಲ್ಲಿ ಕಡ್ಡಿ ಹಾಕುವವರ ನಂಬರು ಕೂಡ ಇರಲಿಲ್ಲ. ಅಂದೇ ಹಾಕಿಕೊಟ್ಟೆ. ಕೊಟ್ಟಿಗೆಯ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕಿದೆ.

ಮುಂದಿನ ಬೆದೆ ಮುಂಜಾನೆ ಬಂತು. ಆಗಲೇ ಹಾಕಿಸೋಣವೆಂದು ಅಪ್ಪ ಅವಸರಪಟ್ಟ. ಅಮ್ಮ ಬಿಡಲಿಲ್ಲ, ಸಂಜೆಗೇ ಬರಹೇಳಿದಳು. ಮತ್ತೆ ಬೆದೆಗೆ ಬಂದರೆ ಗಬ್ಬ ನಿಂತಿಲ್ಲವೆಂದೇ ಅರ್ಥ, ಹಾಗಾಗಿ 21ನೆಯ ದಿನ ಅವಳಿಗೆ ನಿದ್ದೆಯಿಲ್ಲ. ಗೌರಿ ಸುಮ್ಮನೆ ಮೆಲುಕು ಹಾಕುತ್ತಿತ್ತು. 42ನೆಯ ದಿನವೂ ಹಾಗೆಯೇ.

ಮೂರು ತಿಂಗಳಾದ ಮೇಲೆ ವೈದ್ಯರು ಕೈಗವಸು ಹಾಕಿ ಪರೀಕ್ಷಿಸಿ, ಗಬ್ಬವಾಗಿದೆ ಎಂದರು. ಯಾವ ತಾರೀಖು ಕಡ್ಡಿ ಹಾಕಿಸಿದ್ದು ಎಂದು ಕೇಳಿದರು. ಅಪ್ಪ ಉತ್ತರ ಕೊಡದೆ, ಒಳಗೆ ತಿರುಗಿ ಅಮ್ಮನನ್ನು ಕೂಗಿದ.