ಕೈ ತೆಗಿ, ನಾ ನೋಡ್ತೀನಿ

ಈ ಸೋಮವಾರ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅವ್ವನ ಬಲಗಣ್ಣಿನ ಪೊರೆ ತೆಗೆದರು. ಅಂದು ರಾತ್ರಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವಳು ಮೆಲ್ಲಗೆ ಕೇಳಿದಳು: “ನಡುವ ಡಾಕ್ಟರು ‘ಕೈ ತೆಗಿ, ನಾ ನೋಡ್ತೀನಿ’ ಅಂದ್ರಲ್ಲ, ಯಾರಿಗಂದ್ರಪ್ಪಾ?”

ಈ ಆಪರೇಷನ್ನಿಗೆ ಕಣ್ಣನ್ನಷ್ಟೇ ಮರಗಟ್ಟಿಸಿದ್ದರು. ಅವಳಿಗೆ ಪೂರ್ತಿ ಎಚ್ಚರವಿತ್ತು. ಮುಖದ ಮೇಲೆ ಹೊದಿಸಿದ ಹಸಿರು ಬಟ್ಟೆಯ ಕೆಳಗಿನಿಂದ ಅವಳು ಆ ಮಾತನ್ನೂ, ಅದಕ್ಕೆ ಮೊದಲು ಒಂದು ಎಳೆಯ ಹೆಣ್ಣು ದನಿ ‘ಸರ್’ ಎಂದು ಕರೆದದ್ದನ್ನೂ, ಆಮೇಲೆ ಎಷ್ಟೋ ಹೊತ್ತು ಯಾರೂ ಮಾತಾಡದೆ ಇದ್ದುದನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ಪಟ್ಟಿ ಬಿಚ್ಚಲು ಬಂದ ಪಿ.ಜಿ. ವಿದ್ಯಾರ್ಥಿನಿಯನ್ನು ನಾನೇ ಕೇಳಿದೆ. ಆಕೆ ತಲೆ ತಗ್ಗಿಸಲಿಲ್ಲ, ಮಾತು ಮರೆಸಲೂ ಇಲ್ಲ. “ನಾನು ಪೊರೆಯ ಮುಂಭಾಗದ ಪದರ ತೆಗೆಯುವಾಗ ಸೀಳು ಅಂಚಿನ ಕಡೆ ಓಡಲು ಶುರುವಾಯಿತು, ಸರ್ ಕೂಡಲೇ ತಮ್ಮ ಕೈಗೆ ತೆಗೆದುಕೊಂಡರು, ಲೆನ್ಸ್ ಸರಿಯಾಗಿ ಕೂತಿದೆ” ಎಂದಳು. ಆಕೆಯ ಮೇಲಿನ ನನ್ನ ಗೌರವ ಅಲ್ಲಿಯೇ ಹೆಚ್ಚಿತು.

ಪೊರೆಯನ್ನು ಸುತ್ತಿಕೊಂಡಿರುವ ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆಯ ಬಾಗಿಲು ತೆರೆಯಬೇಕು. ಕಲಿಯುವವರಿಗೆ ಕಠಿಣವಾದ ಹಂತಗಳಲ್ಲಿ ಇದೂ ಒಂದು. ಸೀಳು ದಾರಿ ತಪ್ಪಿ ಚೀಲದ ಹಿಂಭಾಗದ ಪದರಕ್ಕೆ ಹಬ್ಬಿದರೆ ಕಣ್ಣಿನೊಳಗಿನ ಲೋಳೆ ಮುಂದಕ್ಕೆ ಬರುತ್ತದೆ; ಆ ಪದರವೋ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ದಪ್ಪವಿಲ್ಲ. ಮೈಕ್ರೋಸ್ಕೋಪಿಗೆ ಇನ್ನೊಂದು ನೋಡುಗೊಳವೆ ಇರುವುದರಿಂದ ಹಿರಿಯರು ಕಲಿಯುವವರು ಕಂಡದ್ದನ್ನೇ ಕಾಣುತ್ತಾ ಕಾಯಬಲ್ಲರು. ಸತ್ತ ಆಡಿನ ಕಣ್ಣಿನ ಮೇಲೆ ಎಷ್ಟು ಅಭ್ಯಾಸ ಮಾಡಿದರೂ ಅದು ಕೆಮ್ಮುವುದಿಲ್ಲ, ಹೆದರಿ ತಲೆ ಅಲುಗಿಸುವುದಿಲ್ಲ. ಕೊನೆಗೆ ಯಾರಾದರೊಬ್ಬರ ಅವ್ವನ ಕಣ್ಣಿನಲ್ಲಿಯೇ ಮೊದಲ ಸಲ ಕೈಯಿಡಬೇಕು. ಇದನ್ನು ನಾನು ಒಪ್ಪುತ್ತೇನೆ. ‘ಕೈ ತೆಗಿ’ ಎಂದು ಸರಿಯಾದ ಗಳಿಗೆಯಲ್ಲಿ ಹೇಳಿದ ಆ ಹಿರಿಯ ವೈದ್ಯರಿಗೆ ಋಣಿಯಾಗಿಯೂ ಇದ್ದೇನೆ.

ಒಪ್ಪದಿರುವುದು ಒಂದನ್ನೇ. ಭರ್ತಿಯಾಗುವಾಗ ಕೌಂಟರಿನಲ್ಲಿ ಸಹಿ ಹಾಕಿಸಿಕೊಂಡ ನಾಲ್ಕೈದು ಹಾಳೆಗಳಲ್ಲಿ, ತರಬೇತಿಯಲ್ಲಿರುವವರು ಭಾಗವಹಿಸಬಹುದು ಎಂಬ ಸಾಲು ಇತ್ತು. ಅದನ್ನು ಅವ್ವನಿಗೆ ಯಾರೂ ಓದಿ ಹೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಓದಲಿಲ್ಲ. ಕಣ್ಣು ಅವಳದು. ಅದರೊಳಗೆ ಯಾರ ಕೈ ಇಳಿಯುತ್ತದೆ ಎಂಬುದು ಅವಳಿಗೆ ಬಟ್ಟೆಯ ಕೆಳಗೆ, ಕತ್ತಲೆಯಲ್ಲಿ, ಆಕಸ್ಮಿಕವಾಗಿ ತಿಳಿಯಬಾರದಿತ್ತು.

ಗದಗಿಗೆ ಮರಳುವ ರೈಲಿನಲ್ಲಿ ನಾನು ಇದನ್ನೇ ಸಿಟ್ಟಿನಿಂದ ಹೇಳುತ್ತಿದ್ದೆ. ಅವ್ವನ ಅಜ್ಜನ ಪೊರೆ ತೆಗೆದದ್ದು ಊರೂರಿನಲ್ಲಿ ಕಣ್ಣಿನ ಶಿಬಿರ ನಡೆಸಿ ಹೆಸರಾದ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ; ಒಳಗೆ ಲೆನ್ಸ್ ಇಡದ ಆ ಕಾಲದಲ್ಲಿ ಅಜ್ಜ ದಪ್ಪ ಗಾಜಿನ ಕನ್ನಡಕದಲ್ಲೇ ಬಾಳಿದ್ದ. ಅಣ್ಣಿಗೇರಿ ದಾಟಿದ ಮೇಲೆ ಅವ್ವ ಬಾಯಿಬಿಟ್ಟಳು.

“ಮೋದಿ ಡಾಕ್ಟರೂ ಯಾರದರೆ ಕಣ್ಣಿನ ಮ್ಯಾಲ ಕಲ್ತಿರಬೇಕಲ್ಲ. ಎಡಗಣ್ಣಿಗೆ ಆ ಹುಡುಗಿ ಬಂದ್ರ ಬರ್ಲಿ. ಆದರ ಬಟ್ಟಿ ಹೊಚ್ಚೂಕಿಂತ ಮೊದ್ಲ ನನ್ನ ಮುಂದ ಬಂದು, ‘ಅಮ್ಮಾ, ನಾ ಮಾಡ್ತೀನಿ, ಸರ್ ಬಾಜುಕ ಇರ್ತಾರ’ ಅಂತ ಹೇಳ್ಲಿ.”