ಲಕ್ವ, ನಡಿಗೆ ಮತ್ತು ಮೂರು ತಿಂಗಳ ಲೆಕ್ಕ

ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ನೋಡೋಕೆ ಬಂದವರೆಲ್ಲ ಒಂದು ಗಡುವು ಕೊಟ್ಟು ಹೋಗುತ್ತಾರೆ. ಮೂರು ತಿಂಗಳಲ್ಲಿ ಬಂದಷ್ಟು ಬಂತು, ಆಮೇಲೆ ಏನೂ ಇಲ್ಲ ಅಂತ. ಅಪ್ಪನಿಗೆ ಎಡಭಾಗ ಬಿದ್ದುಹೋದಾಗ ಇದನ್ನು ಕೇಳಿ ಕೇಳಿ ಸಾಕಾಗಿತ್ತು.

ಮಾತು ಪೂರ್ತಿ ಸುಳ್ಳೇನಲ್ಲ. ಕೋಪನ್‌ಹೇಗನ್‌ನಲ್ಲಿ 800ಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅದರಲ್ಲಿ ನೂರಕ್ಕೆ 95 ಜನರ ನಡಿಗೆ ಎಷ್ಟು ಸುಧಾರಿಸಬೇಕೋ ಅಷ್ಟು 11 ವಾರದೊಳಗೇ ಸುಧಾರಿಸಿತ್ತು. ಆದರೆ ಅಲ್ಲಿ ನೋಡಿದ್ದು ಒಬ್ಬರೇ ನಡೆಯುತ್ತಾರೋ, ಯಾರಾದರೂ ಹಿಡಿದುಕೊಳ್ಳಬೇಕೋ ಅನ್ನೋದನ್ನು ಮಾತ್ರ. ಎಷ್ಟು ಬೇಗ ನಡೀತಾರೆ, ಎಷ್ಟು ದೂರ ಹೋಗ್ತಾರೆ, ಬೀದಿಗೆ ಇಳಿಯೋ ಧೈರ್ಯ ಇದೆಯಾ, ಇದ್ಯಾವುದೂ ಆ ಲೆಕ್ಕದಲ್ಲಿಲ್ಲ. ನಮ್ಮ ಮನೆಯಲ್ಲಿ ಮೂರು ತಿಂಗಳ ನಂತರ ಬಂದದ್ದೆಲ್ಲ ಇವೇ.

ಮೊದಲು ಬರಬೇಕಾದ್ದು ಕೂರುವುದು. ಫಿಜಿಯೋ ಮೇಡಂ ಅಪ್ಪನನ್ನು ಮಂಚದ ಅಂಚಿಗೆ ಕೂರಿಸಿ ಕೈ ಬಿಟ್ಟು ನೋಡುತ್ತಿದ್ದರು, ಅಮ್ಮನಿಗೆ ಸಿಟ್ಟು, ನಡೆಸೋದು ಬಿಟ್ಟು ಇದೇನು ಅಂತ. ಅದರಲ್ಲಿ ಅರ್ಥ ಇದೆ. ನೆದರ್ಲೆಂಡ್ಸ್‌ನವರು ಲೆಕ್ಕ ಹಾಕಿದ ಪ್ರಕಾರ, ಮೊದಲ 72 ಗಂಟೆಯೊಳಗೆ ಆಸರೆ ಇಲ್ಲದೆ 30 ಸೆಕೆಂಡ್ ಕೂತು, ಸೋತ ಕಾಲಿನಲ್ಲಿ ಸ್ವಲ್ಪ ಬಲವೂ ಇದ್ದರೆ, ಆರು ತಿಂಗಳಿಗೆ ಒಬ್ಬರೇ ನಡೆಯೋ ಸಾಧ್ಯತೆ ತುಂಬಾ ಜಾಸ್ತಿ.

ಆಮೇಲೆ ಸೊಂಟ ಬಂತು, ಮಂಡಿ ಬಂತು. ಪಾದ ಮಾತ್ರ ಕೊನೆಗೆ, ಅದೂ ಅರೆಬರೆ. ಹೆಬ್ಬೆರಳು ನೆಲ ಸವರುತ್ತದೆ, ಅದಕ್ಕೇ ಕಾಲನ್ನು ಪಕ್ಕಕ್ಕೆ ಅರ್ಧ ಸುತ್ತು ಹಾಕಿ ತರುತ್ತಾರೆ. ಹವಾಯಿ ಚಪ್ಪಲಿ ಎಡಗಾಲಿಂದ ಜಾರಿ ಹಿಂದೆ ಉಳಿದರೂ ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ, ಬರಿಗಾಲಲ್ಲೇ ಅಂಗಳದ ತುದಿವರೆಗೆ ಹೋಗಿಬಿಡುತ್ತಿದ್ದರು. ಹಿಂದೆ ಪಟ್ಟಿ ಇರೋ ಸ್ಯಾಂಡಲ್ ತಂದೆವು. ಪಾದ ಎತ್ತಿ ಹಿಡಿಯೋ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿದ ಮೇಲೆ ಅಡುಗೆಮನೆ ಹೊಸ್ತಿಲು ಎಡವೋದು ನಿಂತಿತು.

ನಡುವೆ ಪಾರಿವಾಳದ ರಕ್ತ ಹಚ್ಚಿಸಿ ಅಂದವರೂ ಇದ್ದರು. ಅದರಿಂದ ನರಕ್ಕೆ ಏನೂ ಆಗಲ್ಲ, ವ್ಯಾಯಾಮಕ್ಕೆ ಅಂತ ಇರೋ ದಿನಗಳು ಹಾಳಾಗುತ್ತವೆ ಅಷ್ಟೇ.

ದುಡ್ಡಿನ ಚಿಂತೆ ಇರುವವರಿಗೆ ಇನ್ನೊಂದು ವಿಷಯ. ಅಮೆರಿಕದಲ್ಲಿ 408 ಜನರ ಮೇಲೆ ನಡೆದು 2011ರಲ್ಲಿ ಬಂದ ಅಧ್ಯಯನದಲ್ಲಿ, ಬೆಲ್ಟ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದವರಿಗೂ ಮನೆಯಲ್ಲೇ ಫಿಜಿಯೋ ಕೈಲಿ ವ್ಯಾಯಾಮ ಮಾಡಿದವರಿಗೂ ವರ್ಷದ ಕೊನೆಗೆ ವ್ಯತ್ಯಾಸ ಇರಲಿಲ್ಲ. ಆರು ತಿಂಗಳಾದ ಮೇಲೆ ಟ್ರೆಡ್‌ಮಿಲ್ ಶುರು ಮಾಡಿದವರೂ ಅಷ್ಟೊತ್ತಿಗೆ ಉಳಿದವರ ಮಟ್ಟಕ್ಕೆ ಬಂದಿದ್ದರು. ಹಾಗಿದ್ದ ಮೇಲೆ ಮೂರು ತಿಂಗಳಿಗೇ ಬಾಗಿಲು ಮುಚ್ಚೋದು ಯಾಕೆ?

ಈಗ ಅಪ್ಪ ಕೋಲು ಹಿಡಿದು ಹಾಲಿನ ಬೂತಿಗೆ ಹೋಗಿ ಬರುತ್ತಾರೆ. ಆದರೆ ನಡೆಯುವಾಗ ಯಾರಾದರೂ "ನಮಸ್ಕಾರ ಮೇಷ್ಟ್ರೇ" ಅಂದರೆ ಅಲ್ಲೇ ನಿಂತುಬಿಡುತ್ತಾರೆ. ಮಾತು, ಹೆಜ್ಜೆ ಎರಡೂ ಒಟ್ಟಿಗೆ ಇನ್ನೂ ಆಗಲ್ಲ. ರಸ್ತೆ ದಾಟೋದೂ ಕಷ್ಟವೇ. ಬೀದಿಯಲ್ಲಿ ಆರಾಮಾಗಿ ಓಡಾಡೋಕೆ ಸೆಕೆಂಡಿಗೆ 0.8 ಮೀಟರ್ ವೇಗವಾದರೂ ಬೇಕು ಅಂತಾರೆ, ಅಪ್ಪ ಅಲ್ಲಿಗೆ ಇನ್ನೂ ಬಂದಿಲ್ಲ.

ಈಗಷ್ಟೇ ಶುರು ಮಾಡಿರುವವರಿಗೆ: ಕೋಲು ಗಟ್ಟಿ ಇರೋ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಎಬ್ಬಿಸೋಕೆ ಅಂತ ಸೋತ ಕೈಯನ್ನು ಎಳೆಯೋಕೆ ಯಾರಿಗೂ ಬಿಡಬೇಡಿ. ಭುಜ ಜಾರಿದರೆ ಆ ನೋವಲ್ಲಿ ನಡಿಗೆ ಅಭ್ಯಾಸವೇ ನಿಂತುಹೋಗುತ್ತದೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿದುಕೊಳ್ಳಿ.