ಕ್ರೆಯಾನ್ ಸುತ್ತಿದ ಕೈಗಳು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲೀಹೈ ನದಿ ಡೆಲವೇರ್ ನದಿಯನ್ನು ಸೇರುವ ಕಡೆ ಈಸ್ಟನ್ ಅಂತ ಒಂದು ಊರಿದೆ. ಸೇತುವೆ ದಾಟಿದರೆ ಆಚೆ ನ್ಯೂಜೆರ್ಸಿ. ಕ್ರೆಯೋಲಾ ಕಂಪನಿಯ ಕ್ರೆಯಾನ್‌ಗಳ, ಅಂದರೆ ಮಕ್ಕಳು ಬಣ್ಣ ಹಚ್ಚುವ ಮೇಣದ ಕಡ್ಡಿಗಳ ಊರು ಇದು. ಅಣ್ಣನ ಮಗಳು ಎರಡನೇ ಕ್ಲಾಸು, ಅವಳಿಗೋಸ್ಕರ ಅಲ್ಲಿಗೆ ಹೋದದ್ದು.

ಹೋಗುವವರು ಒಂದು ವಿಷಯ ತಿಳಿದುಕೊಳ್ಳಿ. ನಿಜವಾದ ಕಾರ್ಖಾನೆ ಪಕ್ಕದ ಫೋರ್ಕ್ಸ್ ಟೌನ್‌ಶಿಪ್‌ನಲ್ಲಿದೆ, ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಮಕ್ಕಳಿಗಾಗಿ ಮಾಡಿರುವ ‘ಕ್ರೆಯೋಲಾ ಎಕ್ಸ್‌ಪೀರಿಯೆನ್ಸ್’ ಇರುವುದು ಊರ ನಡುವಿನ ಸೆಂಟರ್ ಸ್ಕ್ವೇರ್‌ನಲ್ಲಿ. ವಿಳಾಸ ತೋರಿಸಿದರೂ ನಮ್ಮ ಟ್ಯಾಕ್ಸಿಯವನು ‘ಗೊತ್ತು, ಗೊತ್ತು’ ಅಂತ ಕಾರ್ಖಾನೆ ಗೇಟಿನ ಮುಂದೆ ಇಳಿಸಿ ಹೊರಟೇಬಿಟ್ಟ. ಇನ್ನೊಂದು ಟ್ಯಾಕ್ಸಿ ಬರುವಷ್ಟರಲ್ಲಿ ಬಿಸಿಲಿಗೆ ಮಗು ಬಾಡಿಹೋಗಿತ್ತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಬೋರ್ಡು ಓದಿ ಆಮೇಲೆ ದುಡ್ಡು ಕೊಡಿ.

ಒಳಗೆ ಆಟದ ಯಂತ್ರಗಳೇ ಜಾಸ್ತಿ. ಟೋಕನ್ ಹಾಕು, ಬಟನ್ ಒತ್ತು. ನನಗೆ ಅವು ಬೇಡವಾಗಿತ್ತು. ಆದರೆ ಕ್ರೆಯಾನ್ ಮಾಡಿ ತೋರಿಸುವ ಜಾಗದಿಂದ ನಾವಿಬ್ಬರೂ ಏಳಲೇ ಇಲ್ಲ. ಕರಗಿದ ಪ್ಯಾರಫಿನ್ ಮೇಣಕ್ಕೆ ಬಣ್ಣದ ಪುಡಿ ಬೆರೆಸುತ್ತಾರೆ. ಅದನ್ನು ಸಾಲುಸಾಲು ತೂತುಗಳಿರುವ ಅಚ್ಚಿನ ಮೇಲೆ ಸುರಿಯುತ್ತಾರೆ. ಅಚ್ಚನ್ನು ತಣ್ಣೀರು ತಂಪು ಮಾಡುತ್ತದೆ. ಕೆಲವೇ ನಿಮಿಷದಲ್ಲಿ ಮೇಣ ಗಟ್ಟಿ. ಮೇಲೆ ಉಳಿದ ಮೇಣವನ್ನು ಹೆರೆದು ಮತ್ತೆ ಕರಗಿಸಲು ಹಾಕುತ್ತಾರೆ, ಏನೂ ದಂಡವಾಗುವುದಿಲ್ಲ. ಕಡ್ಡಿಗಳು ಕೆಳಗಿನಿಂದ ಒಟ್ಟಿಗೆ ಮೇಲೆದ್ದು ಬಂದಾಗ ಮಗು ಚಪ್ಪಾಳೆ ಹೊಡೆಯಿತು. ಕೊನೆಗೆ ಕಾಗದ. ಬೇಗ ಮುರಿಯಬಾರದು ಅಂತ ಅದನ್ನು ಎರಡು ಸುತ್ತು ಸುತ್ತುತ್ತಾರೆ.

ಈ ಕಂಪನಿ ಶುರುವಾದದ್ದು ಮಕ್ಕಳಿಗಾಗಿ ಅಲ್ಲ. ಎಡ್ವಿನ್ ಬಿನ್ನಿ ಮತ್ತು ಹೆರಾಲ್ಡ್ ಸ್ಮಿತ್ ಎಂಬ ಸಂಬಂಧಿಕರು 1885ರಲ್ಲಿ ಜೊತೆಯಾದಾಗ ಮಾರುತ್ತಿದ್ದದ್ದು ಕೊಟ್ಟಿಗೆಗೆ ಬಳಿಯುವ ಕೆಂಪು ಬಣ್ಣ ಮತ್ತು ಕಾಡಿಗೆಯ ಪುಡಿ. 1900ರಲ್ಲಿ ಈಸ್ಟನ್‌ನಲ್ಲಿ ಒಂದು ಕಲ್ಲಿನ ಗಿರಣಿ ಕೊಂಡು ಸ್ಲೇಟು ಬಳಪ ಮಾಡಿದರು. ಅದನ್ನು ಮಾರಲು ಶಾಲೆಗಳಿಗೆ ಹೋದಾಗಲೇ ಟೀಚರುಗಳ ಕಷ್ಟ ಗೊತ್ತಾದದ್ದು. ಮೊದಲು ಧೂಳು ಹಾರದ ಸೀಮೆಸುಣ್ಣ ಬಂತು, 1903ರಲ್ಲಿ ಎಂಟು ಬಣ್ಣಗಳ ಕ್ರೆಯೋಲಾ ಡಬ್ಬಿ ಬಂತು. ಬೆಲೆ 5 ಸೆಂಟ್. ಹೆಸರಿಟ್ಟದ್ದು ಎಡ್ವಿನ್ ಹೆಂಡತಿ ಆಲಿಸ್. ಆಕೆಯೂ ಟೀಚರೇ.

ಇಷ್ಟನ್ನೇ ನೋಡಿ ಬಂದಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಬೆಂಚಿನಲ್ಲಿ ಮೊಮ್ಮಗನ ಜೊತೆ ಒಬ್ಬರು ಅಜ್ಜಿ ಕೂತಿದ್ದರು, ಎಂಬತ್ತು ದಾಟಿದವರು. ಕಾಗದ ಸುತ್ತುವ ಯಂತ್ರದ ಕಡೆ ಬೆರಳು ತೋರಿಸಿ, ‘ಇದನ್ನು ನಮ್ಮಮ್ಮ ಕೈಯಲ್ಲಿ ಮಾಡುತ್ತಿದ್ದಳು’ ಅಂದರು.

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಯಂತ್ರ ಬರುವ ಮುಂಚೆ ಸುತ್ತಮುತ್ತಲ ರೈತರ ಮನೆಗಳಿಗೆ ಕ್ರೆಯಾನ್ ಬರುತ್ತಿತ್ತಂತೆ. ಚಳಿಗಾಲದಲ್ಲಿ ಹೊಲದಲ್ಲಿ ಕೆಲಸ ಇರುವುದಿಲ್ಲವಲ್ಲ, ಆಗ ಮನೆಮಂದಿಯೆಲ್ಲ ಕೂತು ಕಾಗದ ಸುತ್ತುವುದು. ಒಂದು ಮನೆಗೆ ಒಂದೇ ಬಣ್ಣ. ಇವರ ಮನೆಗೆ ನೀಲಿ. ‘ಅಮ್ಮನ ಉಗುರಿನ ಸಂದಿಯಲ್ಲಿ ನೀಲಿ ಇರುತ್ತಿತ್ತು. ಭಾನುವಾರ ಚರ್ಚಿಗೆ ಹೋಗುವ ಮೊದಲು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳಂತೆ’ ಅಂದರು.

ನಾನು ಬೆಳೆದದ್ದು ಬಂಟ್ವಾಳದ ಹತ್ತಿರ. ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಗೆರಸೆ ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಲೇ ಸುತ್ತುವುದು. ಕಟ್ಟು ಕಟ್ಟಿ ವಾಪಸ್ ಕೊಡುವುದು. ನನ್ನ ಶಾಲೆಯ ಫೀಸು, ಪುಸ್ತಕ, ಬಣ್ಣದ ಡಬ್ಬಿ ಎಲ್ಲ ಬಂದದ್ದು ಆ ದುಡ್ಡಿನಿಂದ. ಇದನ್ನು ಅಜ್ಜಿಗೆ ಹೇಳುತ್ತಾ ಬೆರಳಾಡಿಸಿ ತೋರಿಸಿದೆ. ಎಲೆಯ ತುದಿಯನ್ನು ಹೆಬ್ಬೆರಳಲ್ಲಿ ಒಳಗೆ ಮಡಚುವುದು ಹೇಗೆ ಅಂತ. ಅವರೂ ಗಾಳಿಯಲ್ಲೇ ಒಂದು ಕ್ರೆಯಾನ್ ಸುತ್ತಿ ತೋರಿಸಿದರು. ‘ಅಮ್ಮ ಕೆಲಸ ಬಿಟ್ಟ ಮೇಲೂ ಬೆರಳು ಬಿಡಲಿಲ್ಲ. ಟಿವಿ ನೋಡುತ್ತಾ ಬಸ್ ಟಿಕೆಟ್ ಸುತ್ತುತ್ತಿದ್ದಳು’ ಅಂದರು. ನಮ್ಮಮ್ಮನದ್ದೂ ಅದೇ ಕಥೆ.

ಅಷ್ಟರಲ್ಲಿ ಪ್ರದರ್ಶನ ಮುಗಿದು ಮತ್ತೊಂದು ಶುರುವಾಗಿತ್ತು. ಮಕ್ಕಳಿಬ್ಬರೂ ಕೈಹಿಡಿದು ‘ಬಿಗ್ ಬ್ಲೂ’ ನೋಡಲು ಓಡಿದರು. ದೇಶದ ಮಕ್ಕಳು ಕಳಿಸಿದ ನೀಲಿ ತುಂಡುಗಳನ್ನು ಕರಗಿಸಿ ಮಾಡಿದ 15 ಅಡಿಯ ಕ್ರೆಯಾನ್ ಅದು. ತೂಕ 1,500 ಪೌಂಡ್. ‘ಅತ್ತೆ, ಇದಕ್ಕೆ ಕಾಗದ ಸುತ್ತಿದ್ದು ಯಾರು?’ ಅಂತ ಕೇಳಿದಳು ನಮ್ಮವಳು. ಅಜ್ಜಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಅವಳ ತಲೆ ಸವರಿದರು.

ಉಳಿದ ದಿನಗಳಲ್ಲಿ ನ್ಯೂಯಾರ್ಕ್, ಫಿಲಡೆಲ್ಫಿಯಾ ಎಲ್ಲ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಈಸ್ಟನ್‌ನಿಂದ ಬಂದ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ.

‘ಸಾವಿರಕ್ಕೆ ಎಷ್ಟು ಕೊಡ್ತಿದ್ರಂತೆ?’

‘ಅಜ್ಜಿಗೆ ಗೊತ್ತಿಲ್ಲವಂತೆ ಅಮ್ಮ. ಅವರು ಆಗ ತುಂಬಾ ಚಿಕ್ಕವರು.’

‘ಲೆಕ್ಕದ ಪುಸ್ತಕ ಇದ್ದೇ ಇರುತ್ತೆ. ಅವರಮ್ಮನ ಪೆಟ್ಟಿಗೆಯಲ್ಲಿ ಹುಡುಕೋಕೆ ಹೇಳು’ ಅಂದರು ಅಮ್ಮ.